ಗಣಕಯಂತ್ರದ ‘ಹೌದು’ ಯಾರ ಉತ್ತರ?

ವ್ಯಾಪಾರಸ್ಥರ ಭಾಷೆಯಲ್ಲಿ ‘ಡೀಫಾಲ್ಟ್’ ಎಂದರೆ ಸಾಲದ ಕಂತು ಕಟ್ಟದೆ ಉಳಿಯುವುದು. ಸೊಸೈಟಿಯ ನೋಟೀಸಿನಲ್ಲಿ ಅದು ‘ಸುಸ್ತಿ’, ಕಟ್ಟದವನು ‘ಸುಸ್ತಿದಾರ’. ಗಣಕಯಂತ್ರದವರ ಭಾಷೆಯಲ್ಲಿ ಅದೇ ಶಬ್ದಕ್ಕೆ ಬೇರೊಂದು ಅರ್ಥವಿದೆ. ಪರದೆಯ ಮೇಲೆ ಒಂದು ಪ್ರಶ್ನೆಯ ಚೌಕ ಮೂಡಿ, ಅದರ ಕೆಳಗೆ ಎರಡು ಮೂರು ಉತ್ತರಗಳಿದ್ದು, ನಾವು ಯಾವುದನ್ನೂ ಆರಿಸದೆ ಕೇವಲ ಎಂಟರ್ ಕೀಲಿ ಒತ್ತಿದಾಗ ಯಾವ ಉತ್ತರ ದಾಖಲಾಗುತ್ತದೆಯೋ ಅದು ಡೀಫಾಲ್ಟ್. ಕನ್ನಡದಲ್ಲಿ ಇದನ್ನು ‘ಪೂರ್ವನಿಯೋಜಿತ ಆಯ್ಕೆ’ ಎನ್ನುವ ರೂಢಿ ಬಂದಿದೆ. ಎರಡೂ ಅರ್ಥಗಳ ಬೇರು ಒಂದೇ: ಮಾಡಬೇಕಾದವನು ಮಾಡದೆ ಉಳಿದಿರುವುದು. ಆದರೆ ಸಾಲದ ಸುಸ್ತಿಯಲ್ಲಿ ಸುಮ್ಮನಿದ್ದವನ ಹೆಸರು ಸುಮ್ಮನಿದ್ದವನೆಂದೇ ಪುಸ್ತಕದಲ್ಲಿ ಬರುತ್ತದೆ. ಪರದೆಯ ವಿಷಯದಲ್ಲಿ ಸುಮ್ಮನಿದ್ದವನು ‘ಹೌದು’ ಎಂದನೆಂದು ದಾಖಲಾಗುತ್ತದೆ. ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತನ್ನು ಹಿರಿಯರು ಮದುವೆಯ ಮಾತುಕತೆಯಲ್ಲಿ ಬಳಸುತ್ತಿದ್ದರು. ಈಗ ಅದು ತೆರಿಗೆ ಲೆಕ್ಕಕ್ಕೂ ಬಂದಿದೆ.

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ವರ್ತಕರ ಲೆಕ್ಕಪತ್ರಗಳನ್ನು ಅನೇಕ ವರ್ಷಗಳಿಂದ ಪರಿಶೀಲಿಸುತ್ತಾ ಬಂದಿರುವ ನನಗೆ, ವರ್ಷಾಂತ್ಯದಲ್ಲಿ ಕೈಗೆ ಸಿಗುವ ತಪ್ಪುಗಳಲ್ಲಿ ಉದ್ದೇಶಪೂರ್ವಕವಾದವು ತೀರಾ ಕಡಿಮೆ ಎಂಬುದು ಮನದಟ್ಟಾಗಿದೆ. ಲೆಕ್ಕ ಬಾರದ್ದರಿಂದ ಆದ ತಪ್ಪುಗಳೂ ಹಿಂದಿನಷ್ಟಿಲ್ಲ. ಹೆಚ್ಚುತ್ತಿರುವುದು ಯಾರೂ ತೀರ್ಮಾನಿಸದೆಯೇ ಆಗಿಹೋದ ತಪ್ಪುಗಳು. ಪರದೆ ಒಂದು ಉತ್ತರವನ್ನು ಮುಂದಿಟ್ಟಿರುತ್ತದೆ, ಗುಮಾಸ್ತ ಎಂಟರ್ ಒತ್ತಿರುತ್ತಾನೆ, ಹೊಣೆ ಮಾತ್ರ ಅಂಗಡಿಯ ಯಜಮಾನರದು. ಆದುದರಿಂದ ಪ್ರಶ್ನೆಯ ಚೌಕದಲ್ಲಿ ಯಾವ ಉತ್ತರ ಮೊದಲೇ ಆಯ್ಕೆಯಾಗಿರಬೇಕೆಂಬ ವಿಷಯವನ್ನು ತಂತ್ರಾಂಶ ಬರೆಯುವವರ ಅಭಿರುಚಿಗೆ ಬಿಟ್ಟು ನಾವು ನಿಶ್ಚಿಂತರಾಗಿರಲು ಸಾಧ್ಯವಿಲ್ಲ.

ಕಿರ್ದಿ, ಖತಾವಣಿಗಳನ್ನು ಕೈಯಲ್ಲಿ ಬರೆಯುತ್ತಿದ್ದ ಕಾಲವನ್ನು ಸ್ವಲ್ಪ ನೆನಪಿಸಿಕೊಳ್ಳೋಣ. ಆಗಿನ ಲೆಕ್ಕಿಗರಿಗೆ ಅತ್ಯಂತ ಭಯವಿದ್ದದ್ದು ಖಾಲಿ ಜಾಗದ ಬಗ್ಗೆ. ಚೆಕ್ಕಿನಲ್ಲಿ ಮೊತ್ತವನ್ನು ಅಕ್ಷರದಲ್ಲಿ ಬರೆದು ‘ಮಾತ್ರ’ ಎಂದು ಸೇರಿಸಿ ಉಳಿದ ಜಾಗಕ್ಕೆ ಗೆರೆ ಎಳೆಯುತ್ತಿದ್ದರು. ಪುಟದ ಕೊನೆಯಲ್ಲಿ ನಾಲ್ಕು ಸಾಲು ಉಳಿದರೆ ಅಡ್ಡಗೆರೆ ಹೊಡೆಯುತ್ತಿದ್ದರು. ತಪ್ಪು ಬರೆದರೆ ಕೆರೆದು ಅಳಿಸುವಂತಿರಲಿಲ್ಲ. ಮೂಲ ಅಂಕಿ ಓದಲು ಬರುವಂತೆ ಒಂದೇ ಗೆರೆಯಿಂದ ಹೊಡೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಮಾಡಬೇಕಿತ್ತು. ಖಾಲಿ ಬಿಟ್ಟ ಅಂಕಣ ಖಾಲಿಯಾಗಿಯೇ ಕಾಣುತ್ತಿತ್ತು. ‘ಇದನ್ನು ಇನ್ನೂ ಯಾರೂ ತೀರ್ಮಾನಿಸಿಲ್ಲ’ ಎಂದು ಆ ಖಾಲಿ ಜಾಗವೇ ಹೇಳುತ್ತಿತ್ತು. ಗಣಕಯಂತ್ರದ ಪರದೆಯಲ್ಲಿ ಅಂಕಣ ಖಾಲಿ ಉಳಿಯುವುದು ಅಪರೂಪ. ಅದು ಮೊದಲೇ ತುಂಬಿರುತ್ತದೆ. ತುಂಬಿದವರು ಯಾರು, ಯೋಚಿಸಿ ತುಂಬಿದ್ದೋ ಅಲ್ಲವೋ ಎಂಬುದು ನೋಡುವವನಿಗೆ ತಿಳಿಯುವುದಿಲ್ಲ.

ಯೋಚಿಸದೆಯೇ ತುಂಬಿದ್ದು ಎಂಬುದಕ್ಕೆ ಒಂದು ತಾಂತ್ರಿಕ ಕಾರಣವೂ ಇದೆ. ವಿಂಡೋಸ್‌ನಲ್ಲಿ ಪ್ರಶ್ನೆಯ ಚೌಕವನ್ನು ಮೂಡಿಸುವ ಸಿದ್ಧ ಆದೇಶವೊಂದಿದೆ. ಯಾವ ಗುಂಡಿ ಪೂರ್ವನಿಯೋಜಿತವಾಗಬೇಕೆಂದು ತಂತ್ರಾಂಶ ಬರೆಯುವವನು ಪ್ರತ್ಯೇಕವಾಗಿ ಹೇಳದಿದ್ದರೆ ಮೊದಲನೆಯ ಗುಂಡಿಯೇ ಆ ಸ್ಥಾನ ಪಡೆಯುತ್ತದೆ. ‘ಹೌದು, ಇಲ್ಲ’ ಎಂಬ ಜೋಡಿಯಲ್ಲಿ ಮೊದಲನೆಯದು ‘ಹೌದು’. ಹೀಗಾಗಿ ‘ಈ ಬಿಲ್ಲನ್ನು ಮುದ್ರಿಸಬೇಕೆ?’ ಎಂಬುದಕ್ಕೂ ‘ಈ ಬಿಲ್ಲನ್ನು ಅಳಿಸಬೇಕೆ?’ ಎಂಬುದಕ್ಕೂ ಒಂದೇ ಉತ್ತರ ಸಿದ್ಧವಾಗಿರುತ್ತದೆ. ಮೈಕ್ರೋಸಾಫ್ಟ್ ಸಂಸ್ಥೆಯ ವಿನ್ಯಾಸ ಮಾರ್ಗಸೂಚಿ ಮಾತ್ರ ಬೇರೆಯದನ್ನೇ ಹೇಳುತ್ತದೆ. ಮಾಹಿತಿ ನಷ್ಟವಾಗದಂತಹ, ಅತ್ಯಂತ ಸುರಕ್ಷಿತವಾದ ಉತ್ತರವನ್ನು ಪೂರ್ವನಿಯೋಜಿತವಾಗಿಡಬೇಕು; ಸುರಕ್ಷತೆಯ ಪ್ರಶ್ನೆಯೇ ಇಲ್ಲದಿದ್ದಾಗ ಹೆಚ್ಚು ಜನ ಆರಿಸಬಹುದಾದದ್ದನ್ನು ಅಥವಾ ಅನುಕೂಲವಾದದ್ದನ್ನು ಇಡಬೇಕು. ಆಪಲ್ ಸಂಸ್ಥೆಯೂ ನಾಶಮಾಡುವ ಗುಂಡಿಯನ್ನು ಪೂರ್ವನಿಯೋಜಿತವಾಗಿಡಬಾರದೆಂದು ಹೇಳುತ್ತದೆ. ನಿಯಮ ಬಲ್ಲವರಿದ್ದಾರೆ, ನಿಯಮ ಬರೆದವರಿದ್ದಾರೆ. ನಮ್ಮ ಅಂಗಡಿಗಳಿಗೆ ತಂತ್ರಾಂಶ ಒದಗಿಸುವವರಲ್ಲಿ ಕೆಲವರು ಅದನ್ನು ಓದಿದಂತೆ ಕಾಣುವುದಿಲ್ಲ.

ಒಂದು ಪ್ರಸಂಗ ಹೇಳುವುದು ಸೂಕ್ತ. ನಮ್ಮ ಕಡೆಯ ರಸಗೊಬ್ಬರದ ಅಂಗಡಿಯೊಂದರಲ್ಲಿ ಮಾರ್ಚ್ ಕೊನೆಯ ವಾರ ಒಂದು ಬಿಲ್ಲು ಎರಡು ಬಾರಿ ನಮೂದಾಗಿತ್ತು. ಗುಮಾಸ್ತ ಅದರಲ್ಲೊಂದನ್ನು ತೆಗೆಯಲು ಹೊರಟ. ತಂತ್ರಾಂಶ ಒಂದು ಚೌಕ ಮೂಡಿಸಿತು: ‘ಆಯ್ದ ಬಿಲ್ಲು ಮಾತ್ರ’ ಅಥವಾ ‘ಈ ದಿನದ ಎಲ್ಲ ಬಿಲ್ಲುಗಳು’. ಚುಕ್ಕೆ ಇದ್ದದ್ದು ಎರಡನೆಯದರ ಮುಂದೆ. ಆತ ಎಂಟರ್ ಒತ್ತಿದ. ‘ಖಚಿತವೇ?’ ಎಂದು ಮತ್ತೊಂದು ಚೌಕ ಬಂತು. ಅಲ್ಲಿ ‘ಹೌದು’ ಸಿದ್ಧವಾಗಿತ್ತು. ಮತ್ತೊಮ್ಮೆ ಎಂಟರ್. ಇಡೀ ದಿನದ ಮಾರಾಟ ಹೋಯಿತು. ಕಾರ್ಬನ್ ಪ್ರತಿಗಳಿದ್ದುದರಿಂದ ಎರಡು ದಿನ ಕುಳಿತು ಎಲ್ಲವನ್ನೂ ಮರಳಿ ಕೂಡಿಸಲಾಯಿತು. ಯಜಮಾನರು ನನ್ನ ಬಳಿ ಬಂದು, “ಆಡಿಟರ್ ಸಾರ್, ಈ ಹುಡುಗನ ಸಂಬಳದಲ್ಲಿ ಎರಡು ದಿನದ್ದು ಹಿಡಿಯುತ್ತೇನೆ, ಇಲ್ಲದಿದ್ದರೆ ಬುದ್ಧಿ ಬರುವುದಿಲ್ಲ” ಎಂದರು. ಹುಡುಗ ಮಾಡಿದ್ದೇನು? ಆ ದಿನ ಬೆಳಗಿನಿಂದ ನೂರಾರು ಬಾರಿ ಒತ್ತಿದ ಅದೇ ಕೀಲಿಯನ್ನು ಇನ್ನೆರಡು ಬಾರಿ ಒತ್ತಿದ. ಸಂಬಳ ಹಿಡಿಯುವುದಾದರೆ, ಒಂದು ಬಿಲ್ಲು ಅಳಿಸಲು ಬಂದವನ ಮುಂದೆ ಇಡೀ ದಿನವನ್ನು ಅಳಿಸುವ ಉತ್ತರಕ್ಕೆ ಚುಕ್ಕೆ ಇಟ್ಟವರಿಂದ ಹಿಡಿಯಬೇಕೆಂದು ಹೇಳಿದೆ. ಅವರಿಗೆ ಪೂರ್ಣ ಒಪ್ಪಿಗೆಯಾಗಲಿಲ್ಲ; ಆದರೆ ಸಂಬಳ ಹಿಡಿಯಲಿಲ್ಲ.

ಇಲ್ಲಿ ಕಾನೂನಿನ ಅಂಶವೂ ಇದೆ. ಜಿಎಸ್‌ಟಿ ನಿಯಮಗಳ 56(8)ನೇ ನಿಯಮದಂತೆ ನೋಂದಾಯಿತ ವ್ಯಕ್ತಿ ತನ್ನ ಲೆಕ್ಕಪುಸ್ತಕದಲ್ಲಿ ಯಾವ ನಮೂದನ್ನೂ ಅಳಿಸುವಂತಿಲ್ಲ. ಲೆಕ್ಕವನ್ನು ಗಣಕದಲ್ಲಿಟ್ಟಿದ್ದರೆ ತಿದ್ದಿದ ಮತ್ತು ಅಳಿಸಿದ ಪ್ರತಿಯೊಂದು ನಮೂದಿನ ದಾಖಲೆ ಉಳಿದಿರಬೇಕು. ಕಿರ್ದಿಯ ಕಾಲದ ‘ಗೆರೆ ಹೊಡೆದು ಸಹಿ’ ಪದ್ಧತಿಯೇ ಇದು. ಕಂಪನಿಗಳಿಗಂತೂ 2023ರ ಏಪ್ರಿಲ್ 1ರಿಂದ ಆರಂಭವಾದ ಹಣಕಾಸು ವರ್ಷದಿಂದ, ನಿಲ್ಲಿಸಲು ಬಾರದಂತಹ ತಿದ್ದುಪಡಿ ದಾಖಲೆಯುಳ್ಳ ತಂತ್ರಾಂಶವನ್ನೇ ಬಳಸಬೇಕೆಂಬ ನಿಯಮ ಬಂದಿದೆ. ಬಿಲ್ಲು ತಪ್ಪಾದರೆ ರದ್ದು ಮಾಡಬೇಕು, ಕ್ರಮಸಂಖ್ಯೆ ಉಳಿಯಬೇಕು. ಅಳಿಸುವ ಕೆಲಸಕ್ಕೆ ಎಂಟರ್ ಸಾಕೆಂಬ ವಿನ್ಯಾಸ ಈ ನಿಯಮಗಳ ಆಶಯಕ್ಕೇ ವಿರುದ್ಧ.

ಹಾಗಾದರೆ ಎಲ್ಲ ಪ್ರಶ್ನೆಗಳಿಗೂ ‘ಇಲ್ಲ’ ಎಂಬುದನ್ನೇ ಸಿದ್ಧವಾಗಿಟ್ಟರೆ ಸರಿಹೋಗುವುದೇ? ಕೆಲವು ಮಿತ್ರರು ಹೀಗೆ ಸೂಚಿಸಿದ್ದುಂಟು. ನನ್ನ ಅನುಭವ ಬೇರೆ. ಅಡಿಕೆ ಸುಗ್ಗಿಯಲ್ಲಿ, ಮೆಕ್ಕೆಜೋಳದ ಲಾರಿಗಳು ಸಾಲಾಗಿ ನಿಂತಿರುವಾಗ, ಗುಮಾಸ್ತನ ಕೈ ಒಂದು ಲಯಕ್ಕೆ ಒಗ್ಗಿಕೊಂಡಿರುತ್ತದೆ. ಪ್ರತಿ ಬಿಲ್ಲಿಗೂ ‘ಉಳಿಸಬೇಕೆ?’ ಎಂದು ಕೇಳಿ ‘ಇಲ್ಲ’ ಎಂಬುದನ್ನು ಮುಂದಿಟ್ಟರೆ, ಆತ ಒಂದೇ ವಾರದಲ್ಲಿ ‘ಬಾಣದ ಕೀಲಿ, ಎಂಟರ್’ ಎಂಬ ಎರಡು ಹೊಡೆತದ ಲಯವನ್ನು ಕಲಿಯುತ್ತಾನೆ. ಬಳಿಕ ನಿಜವಾಗಿ ಅಪಾಯದ ಪ್ರಶ್ನೆ ಬಂದಾಗಲೂ ಅದೇ ಎರಡು ಹೊಡೆತ. ಎಚ್ಚರಿಕೆ ಎಲ್ಲೆಡೆ ಇದ್ದರೆ ಎಲ್ಲಿಯೂ ಇಲ್ಲದಂತೆಯೇ. ದಿನಕ್ಕೆ ನೂರು ಬಾರಿ ಬರುವ, ತಪ್ಪಾದರೂ ಮರುಕ್ಷಣ ಸರಿಪಡಿಸಬಹುದಾದ ಕೆಲಸಗಳಿಗೆ ‘ಹೌದು’ ಎಂದಿರಲಿ. ಸಾಧ್ಯವಾದರೆ ಪ್ರಶ್ನೆಯೇ ಬೇಡ. ಹಿಂತೆಗೆಯಲಾಗದ ಕೆಲಸಗಳಿಗೆ ಮಾತ್ರ ‘ಇಲ್ಲ’ ಎಂದಿರಲಿ. ಅಲ್ಲಿಯೂ ಗುಂಡಿಯ ಮೇಲೆ ‘ಹೌದು’ ಎಂದು ಬರೆಯುವ ಬದಲು ‘42 ಬಿಲ್ಲುಗಳನ್ನು ಅಳಿಸು’ ಎಂದು ಸಂಖ್ಯೆ ಸಹಿತ ಬರೆದಿದ್ದರೆ, ಓದದೆ ಒತ್ತುವ ಕೈಯೂ ಒಮ್ಮೆ ನಿಲ್ಲುತ್ತದೆ.

ಇವೆರಡಕ್ಕೂ ಸೇರದ ಮೂರನೆಯ ಬಗೆಯೊಂದಿದೆ. ವರ್ತಕರಿಗೆ ಹೆಚ್ಚು ನಷ್ಟವಾಗುವುದು ಅದರಿಂದಲೇ. ಉತ್ತರವು ಆಯಾ ವ್ಯವಹಾರದ ಸಂಗತಿಯನ್ನು ಅವಲಂಬಿಸಿದ್ದು, ಯಾವ ಉತ್ತರವೂ ತಾನಾಗಿ ಸುರಕ್ಷಿತವಲ್ಲದ ಬಗೆ. ಉದಾಹರಣೆಗೆ ಪೂರೈಕೆಯ ಸ್ಥಳ. ಶಿರಾಳಕೊಪ್ಪದ ಅಥವಾ ಆನವಟ್ಟಿಯ ಕಿರಾಣಿ ಅಂಗಡಿಗೆ ‘ಕರ್ನಾಟಕ’ ಎಂದು ಮೊದಲೇ ತುಂಬಿರುವುದು ಒಳ್ಳೆಯದೇ. ಅವರ ಗ್ರಾಹಕರೆಲ್ಲ ಸುತ್ತಲಿನವರು. ಆದರೆ ಅದೇ ತಂತ್ರಾಂಶ ಗುಜರಾತಿಗೋ ದೆಹಲಿಗೋ ಅಡಿಕೆ ಕಳಿಸುವ ಮಂಡಿಯಲ್ಲಿದ್ದರೆ, ಐಜಿಎಸ್‌ಟಿ ಹಾಕಬೇಕಾದ ಕಡೆ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ ಬೀಳುತ್ತದೆ. ಒಟ್ಟು ಮೊತ್ತ ಒಂದೇ ಆದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಗೊತ್ತಾದಾಗ ಸರಿಯಾದ ತೆರಿಗೆಯನ್ನು ಮತ್ತೊಮ್ಮೆ ಪೂರ್ತಿ ಕಟ್ಟಿ, ಮೊದಲು ಕಟ್ಟಿದ್ದನ್ನು 77ನೇ ಸೆಕ್ಷನ್ನಿನಡಿ ಮರುಪಾವತಿ ಕೇಳಬೇಕು. ಬಡ್ಡಿ ಇಲ್ಲವೆಂಬುದು ನಿಜ. ಆದರೆ ಆ ಹಣ ಮರಳಿ ಬರುವವರೆಗೆ ವ್ಯಾಪಾರದ ಬಂಡವಾಳವೇ ಅಲ್ಲಿ ಸಿಕ್ಕಿಕೊಂಡಿರುತ್ತದೆ. 2025ರ ಜುಲೈ ತೆರಿಗೆ ಅವಧಿಯಿಂದ ಜಿಎಸ್‌ಟಿಆರ್-3ಬಿಯಲ್ಲಿ ತಾನಾಗಿ ತುಂಬಿಬರುವ ತೆರಿಗೆ ಹೊಣೆಯನ್ನು ಅಲ್ಲಿಯೇ ತಿದ್ದುವ ಅವಕಾಶವನ್ನೂ ತೆಗೆಯಲಾಗಿದೆ. ತಿದ್ದುಪಡಿ ಇದ್ದರೆ 3ಬಿ ಸಲ್ಲಿಸುವ ಮೊದಲೇ ಜಿಎಸ್‌ಟಿಆರ್-1ಎ ಮೂಲಕ ಮಾಡಬೇಕು. ಬಿಲ್ಲಿನ ಪರದೆಯಲ್ಲಿ ಒತ್ತಿದ ಎಂಟರ್ ಈಗ ನೇರವಾಗಿ ರಿಟರ್ನಿನವರೆಗೆ ಹೋಗುತ್ತದೆ.

ದರದ ವಿಷಯವೂ ಇದೇ. 2025ರ ಸೆಪ್ಟೆಂಬರ್ 22ರಂದು ಸಿಮೆಂಟಿನ ತೆರಿಗೆ ಶೇ. 28ರಿಂದ 18ಕ್ಕೂ, ಟ್ರ್ಯಾಕ್ಟರು ಹಾಗೂ ಹನಿ, ತುಂತುರು ನೀರಾವರಿ ಉಪಕರಣಗಳದ್ದು ಶೇ. 12ರಿಂದ 5ಕ್ಕೂ ಇಳಿಯಿತು. ಸರಕಿನ ಪಟ್ಟಿಯಲ್ಲಿ ಹಿಂದೆಂದೋ ತುಂಬಿದ್ದ ದರವನ್ನು ಬದಲಿಸದಿದ್ದರೆ ಮರುದಿನವೂ ಬಿಲ್ಲಿನಲ್ಲಿ ಹಳೆಯ ದರವೇ ಬರುತ್ತದೆ. ಹೆಚ್ಚಾಗಿ ವಸೂಲಿ ಮಾಡಿದ ತೆರಿಗೆಯನ್ನು ವರ್ತಕ ಇಟ್ಟುಕೊಳ್ಳುವಂತಿಲ್ಲ, ಸರ್ಕಾರಕ್ಕೆ ಕಟ್ಟಲೇಬೇಕು. ಗಿರಾಕಿಯ ಕೋಪ ಬೇರೆ. ದರವನ್ನು ಪೂರ್ವನಿಯೋಜಿತವಾಗಿಡುವುದು ಅನಿವಾರ್ಯ, ಒಪ್ಪುತ್ತೇನೆ. ಆದರೆ ‘ಈ ದರ ಯಾವ ದಿನಾಂಕದಿಂದ ಜಾರಿ’ ಎಂಬುದು ಅದರ ಪಕ್ಕದಲ್ಲೇ ಕಾಣಬೇಡವೇ? ದಿನಾಂಕದ ವಿಷಯವನ್ನು ವಿಸ್ತರಿಸುವುದಿಲ್ಲ. ಕಡೆಯ ನಮೂದಿನ ದಿನಾಂಕವನ್ನೇ ಮುಂದಿಡುವ ತಂತ್ರಾಂಶಗಳಲ್ಲಿ ಏಪ್ರಿಲ್ 1ರ ಬಿಲ್ಲುಗಳು ಮಾರ್ಚ್ 31ಕ್ಕೆ ಸೇರುವುದನ್ನು ಪ್ರತಿಯೊಬ್ಬ ಲೆಕ್ಕಪರಿಶೋಧಕನೂ ಬಲ್ಲ.

ಸರ್ಕಾರದ ಪರದೆಗಳೂ ಈ ದೋಷದಿಂದ ಮುಕ್ತವಲ್ಲ. ಆದಾಯ ತೆರಿಗೆಯ ಹೊಸ ಪದ್ಧತಿ 2023ರ ಹಣಕಾಸು ಕಾಯಿದೆಯಿಂದ ಪೂರ್ವನಿಯೋಜಿತವಾಯಿತು. ಅದಕ್ಕೆ ನನ್ನ ಆಕ್ಷೇಪವಿಲ್ಲ. ಬಹಳಷ್ಟು ಸಣ್ಣ ವರ್ತಕರಿಗೆ ಅದೇ ಅನುಕೂಲ. ಆಕ್ಷೇಪವಿರುವುದು ಪ್ರಶ್ನೆಯನ್ನು ಕೇಳಿದ ರೀತಿಗೆ. ಅದಕ್ಕೂ ಹಿಂದಿನ ವರ್ಷಗಳ ಫಾರಂನಲ್ಲಿ ‘ನೀವು ಹೊಸ ಪದ್ಧತಿಯನ್ನು ಆರಿಸಿಕೊಳ್ಳುತ್ತಿದ್ದೀರಾ?’ ಎಂದು ಕೇಳಲಾಗುತ್ತಿತ್ತು. ‘ಇಲ್ಲ’ ಎಂದರೆ ಹಳೆಯ ಪದ್ಧತಿ. 2024-25ನೇ ಕರ ನಿರ್ಧಾರಣಾ ವರ್ಷದ ಫಾರಂನಲ್ಲಿ ಪ್ರಶ್ನೆ ‘ಹೊಸ ಪದ್ಧತಿಯಿಂದ ಹೊರಬರಲು ಬಯಸುವಿರಾ?’ ಎಂದಾಯಿತು, ‘ಇಲ್ಲ’ ಪೂರ್ವನಿಯೋಜಿತ. ಅಂದರೆ ವರ್ಷ ವರ್ಷವೂ ‘ಇಲ್ಲ’ ಎಂದು ಹಳೆಯ ಪದ್ಧತಿಯಲ್ಲಿ ಉಳಿದವರು, ಅದೇ ‘ಇಲ್ಲ’ ಎಂಬುದರಿಂದ ಹೊಸ ಪದ್ಧತಿಗೆ ಬಂದುಬಿಟ್ಟರು. ಮನೆ ಸಾಲದ ಬಡ್ಡಿ, ಜೀವವಿಮೆ ಕಂತು ಎಂದು ರಸೀದಿಗಳನ್ನು ಜೋಡಿಸಿಟ್ಟುಕೊಂಡವರಿಗೆ ಆ ಕಡಿತಗಳು ಸಿಗಲಿಲ್ಲ. ವ್ಯಾಪಾರದ ಆದಾಯವುಳ್ಳವರ ಸ್ಥಿತಿ ಇನ್ನೂ ಬಿಗಿ. ಹಳೆಯ ಪದ್ಧತಿ ಬೇಕಾದವರು ರಿಟರ್ನಿನ ಕಡೆಯ ದಿನಾಂಕದೊಳಗೆ ಫಾರಂ 10-ಐಇಎ ಸಲ್ಲಿಸಬೇಕಿತ್ತು. ಹೀಗೆ ಹೊರಬಂದವರಿಗೆ ಹೊಸ ಪದ್ಧತಿಗೆ ಮರಳುವ ಅವಕಾಶ ಒಂದೇ ಬಾರಿ. ನೌಕರದಾರರಂತೆ ವರ್ಷಕ್ಕೊಮ್ಮೆ ಬದಲಾಯಿಸುವ ಸ್ವಾತಂತ್ರ್ಯ ವರ್ತಕನಿಗಿಲ್ಲ. ಇಷ್ಟು ತೂಕದ ಪ್ರಶ್ನೆಗೆ ‘ಹಳೆಯ ಪದ್ಧತಿ’, ‘ಹೊಸ ಪದ್ಧತಿ’ ಎಂದು ಎರಡು ಹೆಸರುಗಳನ್ನು ಬರೆದು, ಎರಡನ್ನೂ ಖಾಲಿ ಬಿಟ್ಟು, ಒಂದನ್ನು ಆರಿಸದೆ ಮುಂದೆ ಹೋಗಲಾಗದಂತೆ ಮಾಡಿದ್ದರೆ ಯಾರಿಗೆ ನಷ್ಟವಾಗುತ್ತಿತ್ತು?

ಇನ್ನು 2024ರ ಅಕ್ಟೋಬರ್ 14ರಿಂದ ಜಿಎಸ್‌ಟಿ ಜಾಲತಾಣದಲ್ಲಿ ಬಂದಿರುವ ಇನ್ವಾಯ್ಸ್ ಮ್ಯಾನೇಜ್‌ಮೆಂಟ್ ಸಿಸ್ಟಂ, ಅಂದರೆ ಐಎಂಎಸ್. ನಮ್ಮ ಸದಸ್ಯರು ಇದನ್ನು ಸರಿಯಾಗಿ ಅರಿತುಕೊಳ್ಳುವುದು ಅಗತ್ಯ. ನಿಮಗೆ ಮಾಲು ಮಾರಿದವರು ತಮ್ಮ ಬಿಲ್ಲುಗಳನ್ನು ಜಾಲತಾಣಕ್ಕೆ ಏರಿಸಿದಾಗ ಅವು ನಿಮ್ಮ ಪರದೆಗೆ ಬರುತ್ತವೆ. ಪ್ರತಿಯೊಂದನ್ನೂ ನೀವು ಸ್ವೀಕರಿಸಬಹುದು, ತಿರಸ್ಕರಿಸಬಹುದು, ಇಲ್ಲವೇ ಬಾಕಿ ಇಡಬಹುದು. ಏನನ್ನೂ ಮಾಡದಿದ್ದರೆ? ಮುಂದಿನ ತಿಂಗಳ 14ರಂದು ಜಿಎಸ್‌ಟಿಆರ್-2ಬಿ ಸಿದ್ಧವಾಗುವಾಗ ಅವೆಲ್ಲವೂ ಸ್ವೀಕೃತವೆಂದು ಭಾವಿಸಲಾಗುತ್ತದೆ. ಇ-ವೇ ಬಿಲ್ಲಿನಲ್ಲಿ ಇಂಥದೊಂದು ನಿಯಮ ಮೊದಲೇ ಇತ್ತು: ಸರಕು ಪಡೆಯುವವನು 72 ಗಂಟೆಯೊಳಗೆ ತಕರಾರು ಹೇಳದಿದ್ದರೆ ಒಪ್ಪಿದಂತೆ. ಐಎಂಎಸ್‌ನಲ್ಲಿ ಅದೇ ಮೌನ ತೆರಿಗೆಯ ಕ್ರೆಡಿಟ್ಟಿಗೆ ಅನ್ವಯವಾಗಿದೆ.

ಈ ಪೂರ್ವನಿಯೋಜನೆ ಸರಿಯೇ? ಬಹುಪಾಲು ಸರಿ. ತಿಂಗಳಿಗೆ ಇನ್ನೂರು ಬಿಲ್ಲು ಬರುವ ಅಂಗಡಿಯಲ್ಲಿ ಒಂದೊಂದಕ್ಕೂ ಗುಂಡಿ ಒತ್ತಲೇಬೇಕೆಂದಿದ್ದರೆ ಕ್ರೆಡಿಟ್ ಕೈತಪ್ಪಿ ಬಂಡವಾಳಕ್ಕೆ ಕುತ್ತು ಬರುತ್ತಿತ್ತು. ಎಂದಿನ ಮಾರಾಟಗಾರ, ಎಂದಿನ ಮಾಲು, ಎಂದಿನ ಮೊತ್ತ ಇರುವಲ್ಲಿ ಮೌನ ಒಪ್ಪಿಗೆಯೆಂದರೆ ತಪ್ಪಿಲ್ಲ. ಆದರೆ ನೀವು ಎಂದೂ ವ್ಯವಹರಿಸದ ಯಾವನೋ ಒಬ್ಬ ನೋಂದಣಿ ಸಂಖ್ಯೆಯಲ್ಲಿ ಒಂದಂಕಿ ತಪ್ಪಾಗಿ ಬರೆದು, ಅವನ ಬಿಲ್ಲು ನಿಮ್ಮ ಹೆಸರಿಗೆ ಬಂದರೆ ಅಲ್ಲಿಯೂ ನಿಮ್ಮ ಮೌನ ಒಪ್ಪಿಗೆಯೇ. ಕಾಯಿದೆಯ 16ನೇ ಸೆಕ್ಷನ್ನಿನಂತೆ ಬಿಲ್ಲು ನಿಮ್ಮ ಬಳಿ ಇರಬೇಕು, ಮಾಲು ನಿಮಗೆ ತಲುಪಿರಬೇಕು. ಎರಡೂ ಇಲ್ಲದ ಕ್ರೆಡಿಟ್ ನಿಮ್ಮ ಲೆಕ್ಕಕ್ಕೆ ಸೇರಿ, ಅದನ್ನು ಬಳಸಿಯೂ ಬಿಟ್ಟರೆ, ವರ್ಷಗಳ ನಂತರ ಅದನ್ನು ಶೇ. 18ರ ಬಡ್ಡಿಯೊಡನೆ ಹಿಂದಿರುಗಿಸಬೇಕಾಗುತ್ತದೆ. ‘ನಾನು ಏನನ್ನೂ ಒತ್ತಲೇ ಇಲ್ಲ ಸ್ವಾಮಿ’ ಎಂಬ ಉತ್ತರ ಅಲ್ಲಿ ನಡೆಯುವುದಿಲ್ಲ. ಈ ಹಿಂದಿನ ಹನ್ನೆರಡು ತಿಂಗಳಲ್ಲಿ ಒಮ್ಮೆಯೂ ಮಾಲು ಮಾರದ ವ್ಯಕ್ತಿಯ ಬಿಲ್ಲು ಬಂದರೆ, ಅದು ಸ್ವೀಕೃತವೆಂದಾಗದೆ ತಾನಾಗಿ ‘ಬಾಕಿ’ಯಲ್ಲಿ ಉಳಿಯಬೇಕೆಂದು ನಮ್ಮ ಸಂಘ ಜಿಎಸ್‌ಟಿ ಮಂಡಳಿಗೆ ಮನವಿ ಸಲ್ಲಿಸುವುದು ಉಚಿತ. ಇದರಿಂದ ಯಾರ ನ್ಯಾಯವಾದ ಕ್ರೆಡಿಟ್ಟೂ ನಷ್ಟವಾಗುವುದಿಲ್ಲ; ಹೊಸ ಮಾರಾಟಗಾರನ ಮೊದಲ ಬಿಲ್ಲಿಗೆ ಒಂದು ಬಾರಿ ಗುಂಡಿ ಒತ್ತಿದರಾಯಿತು.

ಹೊರದೇಶಗಳಲ್ಲಿ ಈ ವಿಷಯ ನ್ಯಾಯಾಲಯದವರೆಗೂ ಹೋಗಿದೆ. ಮೊದಲೇ ಗುರುತು ಹಾಕಿಟ್ಟ ಚೌಕವನ್ನು ಬಳಕೆದಾರ ತೆಗೆಯಲಿಲ್ಲ ಎಂಬುದು ಒಪ್ಪಿಗೆಯಲ್ಲವೆಂದು ಯುರೋಪ್ ಒಕ್ಕೂಟದ ನ್ಯಾಯಾಲಯ 2019ರ ಅಕ್ಟೋಬರ್ 1ರಂದು ತೀರ್ಪು ನೀಡಿತು. ನಮ್ಮಲ್ಲೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ‘ಡಾರ್ಕ್ ಪ್ಯಾಟರ್ನ್’ ಎಂಬ ಮೋಸದ ವಿನ್ಯಾಸಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿ 13 ಬಗೆಗಳನ್ನು ಹೆಸರಿಸಿತು. ಗಿರಾಕಿಗೆ ತಿಳಿಯದಂತೆ ಆತನ ಬುಟ್ಟಿಗೆ ವಸ್ತು ಸೇರಿಸುವುದು ಅವುಗಳಲ್ಲೊಂದು. ಒಳ್ಳೆಯದೇ. ಆದರೆ ಇವೆಲ್ಲ ಗ್ರಾಹಕನ ರಕ್ಷಣೆಗೆ. ವಾಣಿಜ್ಯ ಉದ್ದೇಶಕ್ಕಾಗಿ ತಂತ್ರಾಂಶ ಕೊಂಡ ವರ್ತಕ ಆ ಕಾಯಿದೆಯಲ್ಲಿ ಸಾಮಾನ್ಯವಾಗಿ ಗ್ರಾಹಕನೆನಿಸುವುದಿಲ್ಲ. ತನ್ನದೇ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನ ರಕ್ಷಣೆಗೆ ಕೊಳ್ಳುವ ಮೊದಲು ಕೇಳುವ ನಾಲ್ಕು ಪ್ರಶ್ನೆಗಳೇ ಗತಿ.

ಆದುದರಿಂದ ಹೊಸ ತಂತ್ರಾಂಶ ತೋರಿಸಲು ಬರುವ ಮಾರಾಟಗಾರರು ಸುಂದರವಾದ ವರದಿಗಳನ್ನು ತೋರಿಸುವಾಗ ಸದಸ್ಯರು ಅವರನ್ನು ಸ್ವಲ್ಪ ತಡೆಯಬೇಕು. ‘ಒಂದು ಬಿಲ್ಲು ಅಳಿಸಿ ತೋರಿಸಿ’ ಎನ್ನಿ. ಯಾವ ಉತ್ತರ ಸಿದ್ಧವಾಗಿದೆ ನೋಡಿ. ಹೊರರಾಜ್ಯದ ಗಿರಾಕಿಗೆ ಒಂದು ಬಿಲ್ಲು ಮಾಡಿಸಿ. ಮಾರ್ಚ್ 31ರ ನಮೂದಿನ ಬಳಿಕ ಏಪ್ರಿಲ್ 1ರದ್ದನ್ನು ಮಾಡಿಸಿ. ಈಗಾಗಲೇ ಇರುವ ತಂತ್ರಾಂಶದಲ್ಲಿ ಪೂರ್ವನಿಯೋಜಿತ ಆಯ್ಕೆಗಳನ್ನು ಬದಲಿಸುವ ಪುಟವೊಂದು ಬಹುಮಟ್ಟಿಗೆ ಇದ್ದೇ ಇರುತ್ತದೆ. ಅದನ್ನು ತೆರೆದು ನೋಡಿದ ಅಂಗಡಿಗಳು ನಮ್ಮೆರಡು ತಾಲ್ಲೂಕುಗಳಲ್ಲಿ ಬೆರಳೆಣಿಕೆಯಷ್ಟೇ ನನಗೆ ಸಿಕ್ಕಿವೆ. ಈ ಪರೀಕ್ಷೆಯನ್ನು ಯಜಮಾನರು ತಾವು ಮಾಡುವ ಬದಲು ದಿನವೂ ಆ ಕೀಲಿಗಳನ್ನು ಒತ್ತುವ ಗುಮಾಸ್ತನಿಂದಲೇ ಮಾಡಿಸಬೇಕು. ಮಾರಾಟಗಾರನಿಗೆ ತಿಳಿಯದ ಸಂಗತಿಗಳು ಆತನ ಬೆರಳಿಗೆ ತಿಳಿದಿರುತ್ತವೆ. ಸಂಘವು ವರ್ಷಾರಂಭಕ್ಕೆ ಮುನ್ನ, ಮಾರ್ಚ್ ಮೊದಲ ವಾರದಲ್ಲಿ, ಗುಮಾಸ್ತರಿಗಾಗಿಯೇ ಅರ್ಧ ದಿನದ ಸಭೆಯೊಂದನ್ನು ಶಿಕಾರಿಪುರದಲ್ಲಿಯೂ ಸೊರಬದಲ್ಲಿಯೂ ಏರ್ಪಡಿಸಿದರೆ, ಐಎಂಎಸ್ ಪರದೆಯನ್ನು ತೆರೆದು ಅಪರಿಚಿತ ಬಿಲ್ಲುಗಳನ್ನು ಗುರುತಿಸುವ ಕ್ರಮವನ್ನು ತೋರಿಸಿಕೊಡಲು ನಾನು ಸಿದ್ಧನಿದ್ದೇನೆ. ಬರುವವರು ತಮ್ಮ ಅಂಗಡಿಯ ಕಳೆದ ಮೂರು ತಿಂಗಳ 2ಬಿ ಪ್ರತಿಯನ್ನು ಜೊತೆಗೆ ತಂದರೆ ಸಾಕು.